ಕೊಕ್ಕೆಗೆ ಎರಡು ಸರಪಳಿ

ಮೋಟರ್‌ಸೈಕಲ್ಲಿನ ಹಿಂದೆ ಗಾಡಿ ಕಟ್ಟಿಕೊಂಡು ಮನೆ ಸಾಮಾನು ಸಾಗಿಸಿದೆ ಎಂದರೆ ಊರಿನವರು ಇವತ್ತಿಗೂ ನಗುತ್ತಾರೆ. ನಗಲಿ ಬಿಡಿ. ಸ್ವೀಡನ್ನಿನಲ್ಲಿ ಅದೇನೂ ವಿಶೇಷವಲ್ಲ. ಬೇಸಿಗೆ ಬಂತೆಂದರೆ ದೊಡ್ಡ ಟೂರಿಂಗ್ ಬೈಕುಗಳ ಹಿಂದೆ ಎರಡು ಪುಟ್ಟ ಗಾಲಿಯ, ಮುಚ್ಚಳವಿರುವ ಪೆಟ್ಟಿಗೆಯಂಥ ಟ್ರೈಲರುಗಳು ಓಡಾಡುತ್ತಿರುತ್ತವೆ. ಅಲ್ಲಿಯವರು ಡೇರೆ, ಒಲೆ, ಪಾತ್ರೆ ತುಂಬಿಕೊಂಡು ರಜೆಗೆ ಹೊರಡುತ್ತಾರೆ. ನಾನು ಅದನ್ನು ಕೊಂಡದ್ದಕ್ಕೆ ಮಾತ್ರ ಬೇರೆ ಕಾರಣವಿತ್ತು. ನನ್ನ ಹಿಂದೆ ಬರುವುದಿದ್ದರೆ ಸಾಮಾನು ಬರಲಿ, ಮನುಷ್ಯರು ಬೇಡ.

ಮದುವೆಯಾಗಿ ಹದಿಮೂರು ವರ್ಷವಾದರೂ ನನ್ನ ಹೆಂಡತಿ ನನ್ನ ಬೈಕು ಹತ್ತಿರಲಿಲ್ಲ. ಅವಳು ಕೇಳಲೂ ಇಲ್ಲ, ನಾನು ಕರೆಯಲೂ ಇಲ್ಲ. ಮದುವೆಯಾದ ವರ್ಷವೇ ಅವಳ ತಮ್ಮ ನನ್ನ ಬೈಕಿನ ಹಿಂದಿನ ಸೀಟಿನಿಂದ ಬಿದ್ದು ತೀರಿಕೊಂಡಿದ್ದ. ಇಪ್ಪತ್ತೆರಡು ವರ್ಷದ ಹುಡುಗ. ನಮ್ಮ ಹೊಸ ಸಂಸಾರಕ್ಕೆಂದು ಹೊಲಿಸಿದ್ದ ಹತ್ತಿಯ ಹಾಸಿಗೆಯನ್ನು ಸುರುಳಿ ಸುತ್ತಿ, ನಮ್ಮಿಬ್ಬರ ನಡುವೆ ಸೀಟಿಗೆ ಹಗ್ಗ ಬಿಗಿದು, ತಿಪಟೂರಿನಿಂದ ತರುತ್ತಿದ್ದೆವು. ರಸ್ತೆಯ ಹಂಪಿನ ಮೇಲೆ ಬೈಕು ಎಗರಿತು, ಅವನು ಬಿದ್ದ, ನಾನು ತಕ್ಷಣ ನಿಲ್ಲಿಸಿ ಓಡಿಹೋಗಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ, ಜೀವ ಹೋಯಿತು. ಮನೆಯಲ್ಲಿ ನಾನು ಹೇಳಿದ್ದು ಇಷ್ಟು. ಇದರಲ್ಲಿ ಹಂಪಿನವರೆಗೆ ಮಾತ್ರ ನಿಜ.

ಆಮೇಲೆ ಏಳು ವರ್ಷ ಬೈಕು ಮುಟ್ಟಲಿಲ್ಲ. ಕೆಲಸಕ್ಕೆಂದು ಸ್ವೀಡನ್ನಿನ ಯೋನ್‌ಶೋಪಿಂಗಿಗೆ ಬಂದ ಮೇಲೆ, ಒಬ್ಬನೇ ಓಡಿಸಿಕೊಂಡರೆ ಯಾರಿಗೇನು ತೊಂದರೆ ಎನ್ನಿಸಿ ಒಂದು ಹಳೆಯ ಬೈಕು ಕೊಂಡೆ. ಒಬ್ಬನೇ ಎಂದು ಬಾಯಲ್ಲಿ ಹೇಳಬಹುದು. ಹತ್ತಿ ಕೂತ ಕೂಡಲೇ ಬೆನ್ನಿಗೆ ಮೆತ್ತಗೆ ಒಂದು ಸುರುಳಿ ಒರಗಿದಂತಾಗುತ್ತಿತ್ತು. ಸರೋವರದ ಪಕ್ಕದ ರಸ್ತೆಯಲ್ಲಿ ಗಾಳಿ ಎಷ್ಟೇ ಬೀಸಲಿ, ಬೆನ್ನಿನ ಆ ಒಂದು ಜಾಗ ಮಾತ್ರ ಬೆಚ್ಚಗಿರುತ್ತಿತ್ತು.

ಆ ಬೇಸಿಗೆ ಹೆಂಡತಿಗೆ ಸ್ಟಾಕ್‌ಹೋಮಿನಲ್ಲಿ ಕೆಲಸವಾಯಿತು. ಅವಳು ಅಲ್ಲೇ ಪಕ್ಕದ ಸುಂಡ್‌ಬೀಬರ್ಯ್‌ನಲ್ಲಿ ಬಾಡಿಗೆ ಮನೆ ಹಿಡಿದು ಮುಂಚಿತವಾಗಿಯೇ ಹೋದಳು. ಸಾಮಾನಿನೊಂದಿಗೆ ಉಳಿದವರು ನಾನು ಮತ್ತು ಮೂರು ತಿಂಗಳಿಗೆಂದು ಬಂದಿದ್ದ ಮಾವ. ಮಂಡಿನೋವಿನ ಅತ್ತೆ ವಿಮಾನ ಹತ್ತಲಾರೆನೆಂದು ಊರಲ್ಲೇ ಇದ್ದರು. ಮಾವ ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದವರು, ಅದರಲ್ಲಿ ಬಹಳ ವರ್ಷ ತಿಪಟೂರಿನ ಸುತ್ತಲೇ. ಟ್ರೈಲರ್ ಕಂಡದ್ದೇ ತಡ, ಅಂಗಳಕ್ಕೆ ಕುರ್ಚಿ ಹಾಕಿಕೊಂಡು ಮೇಸ್ತ್ರಿಯಾಗಿಬಿಟ್ಟರು.

"ಅಳಿಯಂದಿರೇ, ಇದೇನ್ರೀ ತೊಟ್ಲು ಇದ್ದಂಗಿದೆ! ಇದಕ್ಕೆ ರುಬ್ಬೋ ಯಂತ್ರ ಹಾಕ್ತೀನಿ ಅಂತೀರಲ್ಲ."

"ಹಾಕಬಹುದು ಮಾವ. ಆದ್ರೆ ಗಾಲಿಗಿಂತ ಸ್ವಲ್ಪ ಮುಂದಕ್ಕೆ. ಹಿಂದೆ ಹಾಕಿದ್ರೆ ಬಾಲ ಆಡಿಸುತ್ತೆ."

"ಅದನ್ನ ನನಗೆ ಹೇಳ್ಕೊಡ್ತೀರಾ? ಬಸ್ಸಿನ ಟಾಪಲ್ಲಿ ಕೊಬ್ಬರಿ ಚೀಲ ಎಲ್ಲಾ ಹಿಂದಕ್ಕೆ ಪೇರಿಸಿದ್ರೆ ಸ್ಟೇರಿಂಗು ಹಗುರಾಗಿ ಗಾಳಿಪಟ ಆಗೋದು."

ನಮ್ಮ ಮೈತೂಕ ನೋಡಿಕೊಳ್ಳುವ ಯಂತ್ರವನ್ನೇ ಟ್ರೈಲರಿನ ಮೂತಿಯ ಕೆಳಗಿಟ್ಟು, ಬೈಕಿಗೆ ಸಿಕ್ಕಿಸುವ ಕೊಕ್ಕೆಯ ಮೇಲೆ ಎಷ್ಟು ಭಾರ ಬೀಳುತ್ತದೆಂದು ನೋಡುತ್ತಿದ್ದೆವು. ರುಬ್ಬುವ ಯಂತ್ರವನ್ನು ಒಂದು ಗೇಣು ಹಿಂದೆ, ಅರ್ಧ ಗೇಣು ಮುಂದೆ ಸರಿಸಿ ತೂಕ ಸರಿಮಾಡಿದೆವು. ಹಿಂದಿನ ದೀಪಗಳ ವೈರು ಸಿಕ್ಕಿಸಿ, ನಾನು ಬ್ರೇಕ್ ಒತ್ತಿದಾಗಲೆಲ್ಲ ಮಾವ "ಹತ್ತಿತು!" ಎಂದು ಕೂಗಿದರು. ಆಮೇಲೆ ಬೀದಿಯಲ್ಲಿ ಎರಡು ಸುತ್ತು ಹೊಡೆದು ಬಂದೆ. ಬ್ರೇಕ್ ಹಾಕಿದರೆ ಟ್ರೈಲರು ಹಿಂದಿನಿಂದ ಒಮ್ಮೆ ಮೆಲ್ಲಗೆ ನೂಕುತ್ತಿತ್ತು, ಹಿಂದೆ ಕೂತವರ ಮಂಡಿ ತಗುಲಿದ ಹಾಗೆ. ಹೆಲ್ಮೆಟ್ಟಿನ ಒಳಗೆ ಬೆವತುಹೋಗಿದ್ದೆ.

ಮಾವ ಕುರ್ಚಿಯಿಂದ ಎದ್ದು ನಿಂತಿದ್ದರು. "ಇಷ್ಟು ಸಲ ಕತ್ತು ತಿರುಗಿಸೋ ಡ್ರೈವರ್‌ನ ನಾನು ನೋಡಿಲ್ಲ. ಎಲ್ಲಿ ಹೋಗುತ್ತೇರೀ ಅದು? ಕಟ್ಟಿದೀವಲ್ಲ."

ನಾನು ಏನೋ ಹೇಳಿ ತೇಲಿಸಿದೆ. ಅವರು ಒಳಗೆ ಹೋಗಿ ಒಂದು ಹೆಲ್ಮೆಟ್ ಹಿಡಿದು ಬಂದರು. ಪಕ್ಕದ ಮನೆಯವರಿಂದ ಕೈಸನ್ನೆಯಲ್ಲೇ ಮಾತಾಡಿ ತಂದಿದ್ದರಂತೆ.

"ನಾಳೆ ನಾನೂ ಹಿಂದೆ ಕೂತ್ಕೊಂಡು ಬರ್ತೀನಿ. ಜನ್ಮವಿಡೀ ಮುಂದೆ ಕೂತಿದ್ದಾಯ್ತು."

"ಬೇಡ ಮಾವ. ಮುನ್ನೂರು ಕಿಲೋಮೀಟರಿನ ಮೇಲಿದೆ. ಸೊಂಟ ಹಿಡಿಯುತ್ತೆ."

"ನನ್ನ ಸೊಂಟದ ಯೋಚನೆ ನಿಮಗೆ ಬೇಡ." ಅವರ ದನಿ ಇಳಿಯಿತು. "ನೋಡಿ, ನಾನು ಕೂತ್ರೆ ಮಗಳೂ ಕೂರ್ತಾಳೆ. ಎಷ್ಟು ವರ್ಷ ಹಿಂಗೇ ಇರ್ತೀರಿ? ನಿಮ್ಮ ತಪ್ಪು ಅಂತ ನಾವ್ಯಾರಾದ್ರೂ ಯಾವತ್ತಾದ್ರೂ ಅಂದಿದೀವಾ?"

ನಾನು ಬಗ್ಗಿ ಸರಪಳಿ ಸಿಕ್ಕಿಸತೊಡಗಿದೆ. ಕೊಕ್ಕೆಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯುವಂತೆ ಎರಡು ಸಣ್ಣ ಸರಪಳಿ ಹಾಕಬೇಕು. ಮಾವನೂ ಬಗ್ಗಿ ನೋಡಿದರು.

"ಕೊಕ್ಕೆ ಇಷ್ಟು ಗಟ್ಟಿ ಇರೋವಾಗ ಇದ್ಯಾಕೆ?"

"ಕೊಕ್ಕೆ ಬಿಟ್ರೆ ಇದು ಹಿಡಿಯುತ್ತೆ. ಜಗ್ಗಿದ ತಕ್ಷಣ ಓಡಿಸೋನಿಗೆ ಗೊತ್ತಾಗುತ್ತೆ. ಇಲ್ದಿದ್ರೆ ಬಿದ್ದುಹೋದದ್ದು ತಿಳಿಯದೆ ಹಾಗೇ ಮುಂದೆ…"

ಸರಪಳಿ ಹಿಡಿದುಕೊಂಡು ನೆಲ ನೋಡುತ್ತಲೇ ಹೇಳಿದೆ. "ಮಾವ, ಅವತ್ತು ನಾನು ತಕ್ಷಣ ನಿಲ್ಲಿಸಲಿಲ್ಲ. ಅವನು ಬಿದ್ದದ್ದೇ ನನಗೆ ಗೊತ್ತಾಗಲಿಲ್ಲ. ಹಾಸಿಗೆ ಬೆನ್ನಿಗೆ ಒರಗೇ ಇತ್ತು. ಅವನೇ ಅಂದ್ಕೊಂಡು ಮಾತಾಡ್ತಾ ಹೋದೆ. ರೈಲ್ವೇ ಗೇಟು ಹಾಕಿತ್ತು. ಅಲ್ಲಿ ನಿಂತು ತಿರುಗಿ ನೋಡಿದೆ."

ಮಾವ ಕುರ್ಚಿಯ ಬೆನ್ನು ಹಿಡಿದುಕೊಂಡರು. "ಹಂಪು ಎಣ್ಣೆ ಗಿರಣಿ ಮುಂದಿನದಲ್ವಾ?"

"ಹೌದು."

"ಅಲ್ಲಿಂದ ಗೇಟಿಗೆ ಎರಡು ಫರ್ಲಾಂಗು." ಆ ರಸ್ತೆಯನ್ನು ನಾನು ಅವರಿಗೆ ವಿವರಿಸಬೇಕಿರಲಿಲ್ಲ. ಅವರೇ ಕೇಳಿದರು, "ತೊಡೆ ಮೇಲೆ ಮಲಗಿಸ್ಕೊಂಡೆ ಅಂದ್ರಲ್ಲ?"

"ನಾನು ವಾಪಸ್ ಓಡಿ ಬರೋ ಹೊತ್ತಿಗೆ ಎಳನೀರು ಮಾರೋನೊಬ್ಬ ಮಲಗಿಸ್ಕೊಂಡಿದ್ದ. ಆಗಲೇ ಮುಗಿದಿತ್ತು."

"ಮಗನಿಗೆ ಏನು ಹೇಳ್ತಾ ಹೋದ್ರಿ? ಆ ಎರಡು ಫರ್ಲಾಂಗು?"

"ಗೊರಕೆ ಬಗ್ಗೆ. ಈ ಹಾಸಿಗೆ ಮೇಲೆ ನೀನು ಮಲಗಿದ್ರೆ ನಾವು ಊರು ಬಿಡಬೇಕಾಗುತ್ತೆ ಕಣೋ ಅಂತ."

"ಗೊರಕೆ ಹೊಡೀತಿದ್ದ," ಎಂದರು ಮಾವ. "ಚಿಕ್ಕೋನಿದ್ದಾಗಿಂದ ಹೊಡೀತಿದ್ದ." ಹೆಲ್ಮೆಟ್ಟನ್ನು ಕುರ್ಚಿಯ ಮೇಲಿಟ್ಟು ಒಳಗೆ ಹೋದರು.

ಊಟಕ್ಕೆ ಕರೆದರೆ ಬಂದರು, ಅನ್ನ ಸಾರು ಉಂಡರು. ಕೈ ತೊಳೆದು ಬಂದು ಹೇಳಿದರು. "ನಿಮ್ಮ ಅತ್ತೆಗೆ ಇದನ್ನ ಹೇಳಬೇಡಿ. ಮಗ ನಿಮ್ಮ ತೊಡೆ ಮೇಲೆ ಹೋದ ಅನ್ನೋದೊಂದೇ ಅವಳಿಗೆ ಸಮಾಧಾನ. ನನಗೆ ರೈಲಿಗೆ ಟಿಕೆಟ್ ತೆಗೆಸಿಕೊಡಿ."

ಮರುದಿನ ಬೆಳಿಗ್ಗೆ ಅವರನ್ನು ರೈಲು ಹತ್ತಿಸಿ ನಾನು ಹೊರಟೆ. ಟ್ರೈಲರ್ ಕಟ್ಟಿದರೆ ಗಂಟೆಗೆ ಎಂಬತ್ತು ದಾಟುವಂತಿಲ್ಲ. ಲಾರಿಗಳು ಒಂದೊಂದಾಗಿ ನನ್ನನ್ನು ಹಿಂದೆ ಹಾಕಿ ಹೋದವು. ಹೇಳಿಬಿಟ್ಟರೆ ಬೆನ್ನಿನ ಮೇಲಿನದು ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಲಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಆ ಮಂಡಿ ತಗುಲುತ್ತಿತ್ತು, ಕನ್ನಡಿಯಲ್ಲಿ ಟ್ರೈಲರಿನ ಮುಚ್ಚಳ ಸುಮ್ಮನೆ ಬಿಸಿಲಿಗೆ ಹೊಳೆಯುತ್ತಿತ್ತು. ಎಷ್ಟೋ ದೂರ ಬಂದ ಮೇಲೆ ಗಮನಿಸಿದೆ: ಹೆಲ್ಮೆಟ್ಟಿನ ಒಳಗೆ ನಾನು ಮಾತಾಡುತ್ತಿದ್ದೆ. ಸುಂಡ್‌ಬೀಬರ್ಯ್‌ನ ಹೊಸ ಮನೆ ಎಷ್ಟನೇ ಮಹಡಿ, ನಿನ್ನ ಅಕ್ಕನಿಗೆ ಎಂಥ ಕೆಲಸ ಸಿಕ್ಕಿದೆ ಎಂದೆಲ್ಲ ಯಾರಿಗೋ ಹೇಳುತ್ತಿದ್ದೆ. ಮುಂದೆ ಸಿಕ್ಕ ತಂಗುದಾಣದಲ್ಲಿ ನಿಲ್ಲಿಸಿದೆ. ಎಂಜಿನ್ ಆರಿಸಿದ ಮೇಲೂ ಬಹಳ ಹೊತ್ತು ಹಿಂದಕ್ಕೆ ತಿರುಗಲಿಲ್ಲ.

ನಾನು ತಲುಪುವ ಹೊತ್ತಿಗೆ ಮಾವ ಬಂದು ಕಾಫಿ ಕುಡಿದಾಗಿತ್ತು. ಹೆಂಡತಿ ನನ್ನನ್ನು ಬಾಗಿಲಲ್ಲೇ ಹಿಡಿದಳು. "ಅಪ್ಪ ಯಾಕ್ರೀ ಒಂಥರಾ ಇದಾರೆ? ನೀವೇನಾದ್ರೂ ಅಂದ್ರಾ?"

"ರೈಲಲ್ಲಿ ಕೂತು ಕೂತು ಸಾಕಾಯ್ತು ಕಣಮ್ಮ," ಎಂದು ಒಳಗಿನಿಂದ ಅವರೇ ಹೇಳಿದರು.

ಅವಳು ಊರಿಗೆ ಫೋನ್ ಹಚ್ಚಿದಳು. ತಾನು ಮಾತಾಡಿ ಮುಗಿಸಿ ನನ್ನ ಕೈಗೆ ಕೊಟ್ಟಳು. ಅತ್ತೆಯ ದನಿ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟವಾಗಿತ್ತು.

"ಅವರನ್ನ ರೈಲಿಗೆ ಕಳಿಸಿದ್ರಂತೆ? ನಿಮ್ಮ ಜೊತೇಲೇ ಕರ್ಕೊಂಡು ಹೋಗೋದಲ್ವೇನಪ್ಪಾ. ನೀವಿದ್ರೆ ನನಗೆ ಭಯ ಇಲ್ಲ. ನನ್ನ ಮಗೂನ ಕೊನೇವರೆಗೂ ಕೈಬಿಡದೆ ಹಿಡ್ಕೊಂಡೋರು ನೀವು."

ಅತ್ತೆ "ಹಲೋ, ಹಲೋ" ಎನ್ನುತ್ತಿದ್ದರು. ಮಾವ ಎದ್ದು ಬಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡರು. ಮುಖ ನೋಡಲಿಲ್ಲ.

"ನಾನೇ ಕಣೇ," ಎಂದರು. "ಬೆಳಿಗ್ಗೆ ಮಾತ್ರೆ ತಗೊಂಡ್ಯಾ? ಹ್ಞೂಂ. ಹೌದು, ಅವರು ಕರೆದ್ರು. ನಾನೇ ಬೇಡ ಅಂದೆ."