ಸ್ಪೀಕರ್ ಅಂಗಡಿಯ ಆಂಟಿ

ಕೆಲಸ ಮಾಡುವಾಗ ಆಂಟಿ ಬಲಗೈಯ ಹಸಿರು ಗಾಜಿನ ಬಳೆಗಳನ್ನು ಮೊಣಕೈಯವರೆಗೆ ಏರಿಸಿ, ಅವು ಜಾರದಂತೆ ಕೆಳಗೊಂದು ದಪ್ಪ ರಬ್ಬರ್ ಬ್ಯಾಂಡ್ ಹಾಕಿಕೊಂಡಿರುತ್ತಿದ್ದರು. ಆ ರಬ್ಬರ್ ಬ್ಯಾಂಡಿನ ಗುರುತು ರಜೆಯ ದಿನವೂ ಅವರ ಕೈಮೇಲೆ ಕಾಣುತ್ತಿತ್ತು. ಕೆಲಸಕ್ಕೆ ಬರುವಾಗ ಚಿನ್ನದ ಬಳೆ ತೊಡುತ್ತಿರಲಿಲ್ಲ. "ಬಂಗಾರಕ್ಕ ಕರೆಂಟ್ ಅಂದ್ರ ಭಾಳ ಪ್ರೀತಿ. ಗಾಜು ಅದರ ಗೊಡವಿಗೆ ಹೋಗಂಗಿಲ್ಲ," ಎನ್ನುತ್ತಿದ್ದರು.

ಹ್ಯೂಸ್ಟನ್ನಿನಲ್ಲಿ ಒಂದು ಟೈರ್ ಅಂಗಡಿಯ ಪಕ್ಕ, ಕಾರುಗಳಿಗೆ ಸ್ಟೀರಿಯೊ ಕೂರಿಸುವ ತಗಡಿನ ಶೆಡ್ಡಿನಲ್ಲಿ ಅವರ ಕೆಲಸ. ಮಾಲೀಕ ಮೆಕ್ಸಿಕೊ ಮೂಲದವನು, ಅವರನ್ನು ಮರ್ಯಾದೆಯಿಂದ 'ಸೆನ್ಯೋರಾ', ಅಂದರೆ ಮೇಡಂ, ಎನ್ನುತ್ತಿದ್ದ. ನಾನು ಕೊನೆಯವರೆಗೂ ಆಂಟಿ ಎಂದೇ ಕರೆದೆ.

ನಾನಾಗ ಅಲ್ಲಿ ಎಂ.ಎಸ್. ಓದುತ್ತಿದ್ದೆ. ಆಸ್ಟಿನ್‌ನಲ್ಲಿ ಒಂದು ಇಂಟರ್ವ್ಯೂ ಇತ್ತು. ರೂಮ್‌ಮೇಟ್ ಡಲ್ಲಾಸಿನ ಅಕ್ಕನ ಮನೆಗೆ ಬಸ್ಸಿನಲ್ಲಿ ಹೊರಟವಳು ತನ್ನ ಕಾರನ್ನು ನನಗೆ ಬಿಟ್ಟು ಹೋದಳು. ಆ ಕಾರಿನ ಡಿಕ್ಕಿಯಲ್ಲಿ ಬರೀ ಬೇಸ್ ನುಡಿಸುವ ದೊಡ್ಡ ಸ್ಪೀಕರೊಂದಿತ್ತು, ಸಬ್‌ವೂಫರ್. ಕಾರು ತೊಳೆಯದೆ ತಿಂಗಳು ಕಳೆದರೂ ಆ ಸ್ಪೀಕರಿನ ಧೂಳನ್ನು ಅವಳು ವಾರಕ್ಕೊಮ್ಮೆ ಒರೆಸುತ್ತಿದ್ದಳು. ಇಂಟರ್ವ್ಯೂ ಚೆನ್ನಾಗಿ ಆಯಿತು. ಆ ಖುಷಿಯಲ್ಲಿ ವಾಪಸ್ ಬರುವಾಗ ವಾಲ್ಯೂಮನ್ನು ಪೂರ್ತಿ ತಿರುಗಿಸಿ ನಾನೂ ಜೊತೆಗೆ ಹಾಡುತ್ತ ಬಂದೆ. ಹ್ಯೂಸ್ಟನ್ನಿಗೆ ಮೊದಲು ಸಿಗುವ ಕೇಟಿ ಎಂಬ ಊರು ಹತ್ತಿರವಾಗುವ ಹೊತ್ತಿಗೆ ಬೇಸ್ ಒಡಕಲಾಗಿ, ಆಮೇಲೆ ಪೂರ್ತಿ ನಿಂತುಹೋಯಿತು. ಹಿಂದಿನಿಂದ ಏನೋ ಸುಟ್ಟ ವಾಸನೆ ಬಂತು.

ರೂಮ್‌ಮೇಟ್‌ಗೆ ಫೋನ್ ಮಾಡಲಿಲ್ಲ. ಅವಳು ಬರುವುದರೊಳಗೆ ಸದ್ದಿಲ್ಲದೆ ರಿಪೇರಿ ಮಾಡಿಸಿಬಿಡೋಣ ಎಂದುಕೊಂಡೆ. ಡಿಕ್ಕಿಯಲ್ಲಿದ್ದ ಆಂಪ್ಲಿಫೈಯರಿನ ಮೇಲೆ ಅಂಗಡಿಯೊಂದರ ಸ್ಟಿಕರ್ ಇತ್ತು. ಮರುದಿನ ಬೆಳಿಗ್ಗೆ ಅಲ್ಲಿಗೇ ಹೋದೆ.

ಶೆಡ್ಡಿನಲ್ಲಿ ಒಬ್ಬ ಹೆಂಗಸು ಯಾವುದೋ ಟ್ರಕ್ಕಿನ ಒಳಗೆ ತಲೆ ತೂರಿಸಿಕೊಂಡು, "ಯಾಕ ಹಿಂಗ ಹಟ ಮಾಡ್ತೀ? ಬಾ ಸುಮ್ನ," ಎಂದು ವೈರೊಂದನ್ನು ಗದರುತ್ತಿದ್ದರು. ನಾನು "ಕನ್ನಡದವ್ರಾ?" ಎಂದೆ. ಅವರು ತಲೆ ಹೊರಗೆ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹೌದ್ರಿ, ಗದಗಿನಾಕಿ. ಏನಾತು ಗಾಡಿಗೆ?"

"ಸುಮ್ನೆ ನಿಂತೋಯ್ತು ಆಂಟಿ."

ಅವರು ಡಿಕ್ಕಿ ತೆಗೆಸಿ ಸ್ಪೀಕರಿನ ಹತ್ತಿರ ಬಗ್ಗಿ ಮೂಸಿ ನೋಡಿದರು. ಎರಡೂ ಅಂಗೈಗಳನ್ನು ಅದರ ಮೇಲಿಟ್ಟು, ಮಗುವಿನ ಹೊಟ್ಟೆ ನೋಡುವ ಡಾಕ್ಟರರಂತೆ ಹಗುರವಾಗಿ ಅದುಮಿದರು. ಒಳಗೆ ಕರಕರ ಎಂದು ಉಜ್ಜಿದ ಸದ್ದು. ವೈರುಗಳನ್ನು ಬಿಚ್ಚಿ ಮೀಟರ್ ಹಿಡಿದರು. ಮೀಟರ್ ಏನನ್ನೂ ತೋರಿಸಲಿಲ್ಲ.

"ಸುಮ್ನ ನಿಂತಿದ್ದಲ್ರಿ ಇದು, ಒಳಗಿನ ಕಾಯಿಲ್ ಸುಟ್ಟೈತಿ," ಎಂದರು. ನಾನು ನೆಲ ನೋಡಿದೆ.

ಹೊಸ ಸ್ಪೀಕರ್ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಸುಟ್ಟದ್ದು ಯಾಕೆ ಎಂದು ತಿಳಿಯದೆ ಹೊಸದನ್ನು ಕೂರಿಸುವವರಲ್ಲ ಅವರು. ಅಂಗಡಿಯ ಹಳೆಯ ಸ್ಪೀಕರೊಂದನ್ನು ಜೋಡಿಸಿ ನನ್ನಿಂದಲೇ ವಾಲ್ಯೂಮ್ ಏರಿಸಿದರು. ದನಿ ಏರಿದಂತೆ ಒಡೆಯಿತು, ಆಂಪ್ಲಿಫೈಯರಿನ ಕೆಂಪು ದೀಪ ಮಿನುಗಿತು. "ಆಂಪ್ಲಿಫೈಯರೂ ಹೋಗಿದ್ಯಾ?" ಎಂದೆ.

"ತಡೀರಿ. ಸತ್ತೈತಿ ಅನ್ನೂ ಮೊದ್ಲ ಅದಕ್ಕ ಉಣ್ಣಾಕ ಕೊಟ್ಟಾರೇನು ನೋಡಬೇಕು."

ಬ್ಯಾಟರಿಯಿಂದ ಬರುವ ದಪ್ಪ ವೈರನ್ನು ಪರೀಕ್ಷಿಸಿದರು. ಸರಿಯಾಗಿತ್ತು. ಫ್ಯೂಸ್ ಸರಿಯಾಗಿತ್ತು. ಕೊನೆಗೆ ಡಿಕ್ಕಿಯ ಕಾರ್ಪೆಟ್ ಎತ್ತಿ, ಕಾರಿನ ಲೋಹದ ಮೈಗೆ ಅರ್ಥಿಂಗ್ ಕೊಟ್ಟಿದ್ದ ಬೋಲ್ಟನ್ನು ನೋಡಿದರು. ಅದರ ಸುತ್ತ ಕಾರ್ಪೆಟ್ಟಿನ ಅಡಿಭಾಗ ಕಂದುಬಣ್ಣಕ್ಕೆ ತಿರುಗಿತ್ತು. ಬೋಲ್ಟ್ ಬಿಚ್ಚಿದರು. ಕೆಳಗೆ ಕಾರಿನ ಪೇಂಟ್ ಹಾಗೇ ಇತ್ತು.

"ಪೇಂಟ್ ಕೆರದು, ಬರೇ ಲೋಹಕ್ಕ ಹಚ್ಚಬೇಕಿತ್ತು. ಪೇಂಟ್ ಇದ್ರ ಕರೆಂಟ್ ಪೂರಾ ಹರಿಯಂಗಿಲ್ಲ, ಆಂಪ್ಲಿಫೈಯರ್ ಹಸದು ಒಡಕು ದನಿ ಕೊಡತೈತಿ, ಸ್ಪೀಕರ್ ಸುಡತೈತಿ," ಎಂದು ಶುರು ಮಾಡಿದವರು ಅರ್ಧಕ್ಕೆ ನಿಲ್ಲಿಸಿದರು. ವೈರಿಗೆ ಸುತ್ತಿದ್ದ ಕಪ್ಪು ಟೇಪಿನ ತುದಿಯನ್ನು ಬೆರಳಿನಿಂದ ಸವರಿ ನೋಡಿದರು. ತುದಿಯನ್ನು ಯಾರೋ ಒಳಕ್ಕೆ ಚೂರು ಮಡಚಿ ಬಿಟ್ಟಿದ್ದರು.

"ಟೇಪಿನ ತುದಿ ಹಿಂಗ ಮಡಚೂದು ನಮ್ಮಪ್ಪ ಕಲಿಸಿದ್ದು," ಎಂದರು. "ನಾಳೆ ಬಿಚ್ಚಾವರಿಗೆ ಉಗುರಿಗೆ ಸಿಗಲಿ ಅಂತ. ಈ ಅಂಗಡ್ಯಾಗ ಹಿಂಗ ಮಡಚಾಕಿ ನಾ ಒಬ್ಬಾಕಿನ. ಇದು ನಾ ಮಾಡಿದ ಕೆಲಸ."

ಆ ಕ್ಷಣದಲ್ಲಿ ಶೆಡ್ಡಿನ ಆ ಮೂಲೆಯಲ್ಲಿದ್ದವರು ನಾವಿಬ್ಬರೇ. ನನಗಾದರೋ ಅರ್ಥಿಂಗ್ ಎಂದರೇನು ಎಂದೂ ಗೊತ್ತಿರಲಿಲ್ಲ. ಅವರು ಎದ್ದು, ಬೋಲ್ಟನ್ನು ಅಂಗೈಯಲ್ಲಿ ಹಿಡಿದುಕೊಂಡು ಸೀದಾ ಕೌಂಟರಿಗೆ ಹೋದರು. ಇಬ್ಬರು ಗಿರಾಕಿಗಳೂ ಇನ್ನೊಬ್ಬ ಮೆಕ್ಯಾನಿಕ್ಕೂ ನಿಂತಿದ್ದರು. ಅವರೆಲ್ಲರ ಎದುರಿಗೇ ತಮ್ಮ ಇಂಗ್ಲಿಷಿನಲ್ಲಿ ಮಾಲೀಕನಿಗೆ ಹೇಳಿದರು: ಇದು ನನ್ನ ತಪ್ಪು, ಸೇರಿದ ಹೊಸತರಲ್ಲಿ ಮಾಡಿದ್ದು, ಇನ್ನಷ್ಟು ಕಾರುಗಳಲ್ಲೂ ಹೀಗೇ ಮಾಡಿರಬಹುದು, ಎಲ್ಲರನ್ನೂ ಕರೆಸಬೇಕು. ಮಾಲೀಕ ಬೋಲ್ಟನ್ನು ನೋಡಿದ, ಅವರನ್ನು ನೋಡಿದ, ಒಳಗೆ ಹೋಗಿ ಹಳೆಯ ಕೆಲಸಗಳ ಫೈಲ್ ತಂದ.

ಅದನ್ನು ನೋಡಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. "ಆಂಟಿ, ನಾನೂ ಸುಳ್ಳು ಹೇಳ್ದೆ. ವಾಲ್ಯೂಮ್ ಫುಲ್ ಇಟ್ಟಿದ್ದೆ. ಕಾರು ನಂದಲ್ಲ, ಅವಳಿಗೆ ಇನ್ನೂ ಹೇಳಿಲ್ಲ," ಎಂದೆ.

"ಗೊತ್ತಾಗಿತ್ತವ್ವಾ," ಎಂದರು. 'ರಿ' ಹೋಗಿ 'ಅವ್ವಾ' ಬಂದದ್ದು ಆಗಲೇ. "ಹಂಗಾರ ಇಬ್ರೂ ಕೂಡೇ ಸುಟ್ಟೀವಿ. ಫೋನ್ ಹಚ್ಚು ಆಕಿಗೆ."

ಅವರ ಎದುರಿಗೇ ಫೋನ್ ಮಾಡಿದೆ. ರೂಮ್‌ಮೇಟ್ ಎಲ್ಲ ಕೇಳಿ, "ಸ್ಪೀಕರ್ ಹೋದ್ರೆ ಹೋಗ್ಲಿ. ನನಗೆ ಹೇಳ್ದೆ ಮುಚ್ಚಿಡೋಕೆ ಹೊರಟೆಯಲ್ಲ," ಎಂದಷ್ಟೇ ಹೇಳಿ ಫೋನ್ ಇಟ್ಟಳು. ಹ್ಯೂಸ್ಟನ್ನಿಗೆ ವಾಪಸ್ ಬಂದ ಮೇಲೂ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ನನ್ನ ಪಾಲಿನ ಚಹಾ ಮಾಡಿಟ್ಟಿದ್ದಳು.

ಆಂಟಿ ಮುಂದಿನ ಹಲವು ಭಾನುವಾರ, ತಮ್ಮ ರಜೆಯಲ್ಲಿ, ಆ ಹಳೆಯ ಕಾರುಗಳನ್ನು ಒಂದೊಂದಾಗಿ ಕರೆಸಿ ನೋಡಿದರು. ಇನ್ನೂ ಮೂರರಲ್ಲಿ ಅದೇ ತಪ್ಪು ಸಿಕ್ಕಿತು. ಒಂದರಲ್ಲಿ ಕಾರ್ಪೆಟ್ ಕರಕಲಾಗಿ ತೂತು ಬಿದ್ದಿತ್ತು. ಆ ಕಾರಿನ ಹಿಂದಿನ ಸೀಟಿನಲ್ಲಿ ಮಗು ಕೂರುವ ಕುರ್ಚಿಯಿತ್ತು. ಅದನ್ನು ಹೇಳುವಾಗ ಮಾತ್ರ ಅವರ ದನಿ ಸಣ್ಣದಾಗುತ್ತಿತ್ತು.

ಅವರ ಕಥೆ ನನಗೆ ತುಣುಕು ತುಣುಕಾಗಿ ಗೊತ್ತಾಯಿತು. ಗದಗಿನಲ್ಲಿ ತಂದೆಯದು ಮೈಕ್‌ಸೆಟ್ ಅಂಗಡಿ. ಮದುವೆ, ಉರುಸು, ಚುನಾವಣೆ, ಎಲ್ಲಕ್ಕೂ ಅವರದೇ ಹಾರ್ನು. ಆಂಟಿ ಹೈಸ್ಕೂಲಿನಲ್ಲೇ ಆಂಪ್ಲಿಫೈಯರ್ ಬಿಚ್ಚಿ ಸೋಲ್ಡರ್ ಮಾಡುತ್ತಿದ್ದರು. ಮದುವೆಯಾಗಿ ಗಂಡನ ಜೊತೆ ಇಲ್ಲಿಗೆ ಬಂದ ಮೇಲೆ ಕೆಲಸ ಮಾಡಲು ಬಿಡದ ವಿಸಾದಲ್ಲಿ ಒಂಬತ್ತು ವರ್ಷ ಮನೆಯಲ್ಲಿದ್ದರು. ಕೆಲಸದ ಪರ್ಮಿಟ್ ಕೈಗೆ ಬಂದ ವಾರವೇ ಈ ಶೆಡ್ಡಿಗೆ ಹೋಗಿ, ಕೆಟ್ಟ ಆಂಪ್ಲಿಫೈಯರೊಂದನ್ನು ಕೊಡಿ, ಸರಿ ಮಾಡಿ ತೋರಿಸುತ್ತೇನೆ ಎಂದರಂತೆ.

"ಬೆಂಚ್ ಮ್ಯಾಲ ಇಟ್ಟು ಮಾಡೂ ರಿಪೇರಿ ಗೊತ್ತಿತ್ತು. ಕಾರಿನದು ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಾಕ ನಾಚಿಕಿ ಆಗಿ ಯಾರನ್ನೂ ಕೇಳಲಿಲ್ಲ, ನೋಡು," ಎಂದು ಒಮ್ಮೆ ಹೇಳಿದರು.

ಹ್ಯೂಸ್ಟನ್ ಹೊರವಲಯದ ಫುಲ್‌ಶೀರ್‌ನಲ್ಲಿದ್ದ ಅವರ ಮನೆಗೆ ನಾನು ಆಗಾಗ ಹೋಗುತ್ತಿದ್ದೆ. ರೊಟ್ಟಿ ಬಡಿಯುತ್ತಲೇ ನನ್ನ ಪ್ರಾಜೆಕ್ಟಿನ ತಾಪತ್ರಯ ಕೇಳುತ್ತಿದ್ದರು. ವಿಷಯ ಅರ್ಥವಾಗದಿದ್ದರೂ "ಎರಡು ಒಮ್ಮೆಲೆ ಬದಲಿಸಬ್ಯಾಡ, ಯಾವುದರಿಂದ ಸರಿ ಆತು ಅಂತ ತಿಳಿಯಂಗಿಲ್ಲ," ಎನ್ನುತ್ತಿದ್ದರು. ಅದು ಪ್ರತಿ ಸಲವೂ ಉಪಯೋಗಕ್ಕೆ ಬರುತ್ತಿತ್ತು. ಅವರ ಮಗಳು ಇಂಗ್ಲಿಷಿನಲ್ಲಿ, ಅಮ್ಮ ನಿಮಗೂ ಇದನ್ನೇ ಹೇಳುತ್ತಾಳಾ ಎಂದು ನಗುತ್ತಿದ್ದಳು.

ಓದು ಮುಗಿದು ನಾನು ಡಲ್ಲಾಸ್ ಹತ್ತಿರದ ಮೆಕಿನ್ನಿಗೆ ಶಿಫ್ಟ್ ಆದೆ. ಹೋದ ವರ್ಷ ಒಂದು ಮಧ್ಯಾಹ್ನ ಆ ಮಗಳದೇ ಫೋನ್. ಆಂಟಿ ಮೆದುಳಿನಲ್ಲಿ ರಕ್ತಸ್ರಾವವಾಗಿ ಎರಡೇ ದಿನದಲ್ಲಿ ಹೋಗಿಬಿಟ್ಟಿದ್ದರು. ಹ್ಯೂಸ್ಟನ್ನಿಗೆ ಡ್ರೈವ್ ಮಾಡುವಾಗ ನಾನು ಕಾರಿನಲ್ಲಿ ಯಾವ ಹಾಡನ್ನೂ ಹಾಕಲಿಲ್ಲ.

ಅಂತ್ಯಕ್ರಿಯೆಗೆ ಮಾಲೀಕನೂ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಎಲ್ಲರ ಹಿಂದೆ ನಿಂತಿದ್ದ. ನನ್ನ ಗುರುತು ಹಿಡಿದು ಹತ್ತಿರ ಬಂದು, ಬೋಲ್ಟಿನ ದಿನ ನಿನಗೆ ನೆನಪಿದೆಯಾ ಎಂದು ಕೇಳಿದ. ಅದರ ಹಿಂದಿನ ಸಂಜೆಯೇ ಅವನು ಆಂಟಿಯನ್ನು ಕರೆದು, ನಿಮ್ಮ ಕೆಲಸ ನಿಧಾನ, ಇನ್ನೊಂದು ದೂರು ಬಂದರೆ ನಿಮ್ಮನ್ನು ಇಟ್ಟುಕೊಳ್ಳಲಾರೆ ಎಂದು ಹೇಳಿದ್ದನಂತೆ. "ಮರುದಿನ ಬೆಳಿಗ್ಗೆ ದೂರನ್ನು ಅವರೇ ತಂದರು," ಎಂದ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

ಇಷ್ಟು ವರ್ಷಗಳಲ್ಲಿ ಆಂಟಿ ನನಗೆ ಇದನ್ನು ಹೇಳಿರಲಿಲ್ಲ. ನಿಜ ಹೇಳುವುದು ಅವರಿಗೆ ಸಲೀಸು ಎಂದೇ ನಾನು ಅಂದುಕೊಂಡಿದ್ದೆ.

ಈಗ ನಾನು ಮೆಕಿನ್ನಿ ಪಕ್ಕದ ಪ್ಲೇನೋದಲ್ಲಿ, ರೋಗಿಗಳ ಮೈಗೆ ಅಂಟಿಸುವ ಔಷಧಿಯ ಪಂಪುಗಳ ಬ್ಯಾಟರಿ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಈ ವರ್ಷದ ಆರಂಭದಲ್ಲಿ, ನಾನೇ ಸಹಿ ಹಾಕಿ ಕಳಿಸಿದ್ದ ವರದಿಯೊಂದರಲ್ಲಿ ತಪ್ಪು ಕಂಡಿತು. ಬೇರೆ ಯಾರೂ ಅದನ್ನು ಗಮನಿಸಿರಲಿಲ್ಲ. ನನ್ನ ವಿಸಾ ಈ ಕೆಲಸಕ್ಕೆ ಅಂಟಿಕೊಂಡಿದೆ. ಕೆಲಸ ಹೋದರೆ ದೇಶ ಬಿಡಬೇಕು. ಮ್ಯಾನೇಜರಿಗೆ ಮೇಲ್ ಬರೆಯಲು ಕೂತವಳು ಬರೆದದ್ದನ್ನು ಮೂರು ಸಲ ಅಳಿಸಿದೆ. ಕೌಂಟರಿನ ಕಡೆ ನಡೆಯುವಾಗ ಆಂಟಿಗೂ ಹೀಗೇ ಭಯವಾಗಿರಬೇಕು, ಹಿಂದೆ ನಿಂತಿದ್ದ ನನಗೆ ಕಾಣಲಿಲ್ಲ ಅಷ್ಟೆ. 'ಇದು ನನ್ನ ತಪ್ಪು' ಎಂದು ಮೊದಲ ಸಾಲು ಬರೆದೆ. ಉಳಿದದ್ದು ತಾನಾಗಿ ಬಂತು.