ಅಟ್ಟದ ಕಾಯಿಯೂ ಕೆಂಕೆರೆಯ ಕಾಗದವೂ

ಮೊನ್ನೆ ನನ್ನ ಮಗಳು ನಮ್ಮನೆ ಎಮ್ಮೆಗೆ ವಾರ್ತೆ ಓದಿದಳು.

ಸುಳ್ಳಲ್ಲ. ಬೆಳಿಗ್ಗೆ ಹಾಲು ಕರೆಯಲು ಚೊಂಬು ಹಿಡಿದು ಕೊಟ್ಟಿಗೆಗೆ ಹೋದರೆ, ಗಿರಿಜಾ ಹಿಂದಿನ ದಿನದ ಪೇಪರ್ ಹಿಡಿದು, ಗಂಟಲು ಸರಿಮಾಡಿಕೊಂಡು, ಮಂತ್ರಿಗಳ ಪ್ರವಾಸದ ಸುದ್ದಿ ಓದುತ್ತಿದ್ದಾಳೆ. ಎಮ್ಮೆ ಮೆಲುಕು ಹಾಕುವುದನ್ನೂ ಬಿಟ್ಟು ಕೇಳುತ್ತಿತ್ತು. (ಈ ಅಂಕಣವನ್ನು ನೀವು ಅಷ್ಟು ಗಮನವಿಟ್ಟು ಓದುತ್ತೀರೋ ಇಲ್ಲವೋ, ನನಗೆ ಅನುಮಾನ.)

"ಏನಮ್ಮ ಇದು?" ಅಂದೆ.

"ರೇಡಿಯೋದಲ್ಲಿ ವಾರ್ತೆ ಓದೋಳು ಆಗ್ತೀನಿ ಕಣಪ್ಪ. ಪ್ರಾಕ್ಟೀಸು."

ಗಿರಿಜಾಗೆ ಇಪ್ಪತ್ತು ತುಂಬಿದೆ. ತಿಪಟೂರಿನಲ್ಲಿ ಬಿ.ಎ. ಮುಗಿಸಿ ಮೂರು ತಿಂಗಳಾಯಿತು. ಈ ಮೂರು ತಿಂಗಳಲ್ಲಿ ಅವಳು ಬ್ಯಾಂಕ್ ಕ್ಲರ್ಕ್ ಆಗಿದ್ದಾಳೆ, ನರ್ಸ್ ಆಗಿದ್ದಾಳೆ, ಟೈಪಿಂಗ್ ಟೀಚರ್ ಆಗಿದ್ದಾಳೆ. ಒಂದು ಇಡೀ ಭಾನುವಾರ ಲಾಯರ್ ಆಗಿ ಅವಳಮ್ಮನನ್ನು ಅಡುಗೆಮನೆಯಲ್ಲೇ ವಿಚಾರಣೆ ಮಾಡಿದ್ದಾಳೆ. (ಆವತ್ತು ಸಾರಿಗೆ ಉಪ್ಪಿರಲಿಲ್ಲ.)

ನನಗೋ ತಲೆಬಿಸಿ. ಕೆಂಕೆರೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಬಿ.ಕಾಂ., ತೋಟ ಇದೆ, ಒಳ್ಳೆ ಜನ. ಹೆಣ್ಣು ನೋಡುವ ಶಾಸ್ತ್ರ ಮುಗಿದು, ಹುಡುಗನ ಅಪ್ಪನೂ ನಾನೂ ಮೂರು ಸಲ ಕಾಫಿ ಕುಡಿದಾಗಿತ್ತು. ಸೋಮವಾರದ ಟಪಾಲಿನಲ್ಲಿ ನಮ್ಮ ಒಪ್ಪಿಗೆ ಹೋಗಬೇಕು. ಈ ಹುಡುಗಿ ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ.

"ನಂಗೇನು ಬೇಕು ಅಂತ ನಂಗೇ ಗೊತ್ತಾಗಿಲ್ಲ. ಇನ್ನೆರಡು ವರ್ಷ ಬುಡಪ್ಪ."

ಇದೂ ಒಂದು ಉತ್ತರವೇ? ಇಪ್ಪತ್ತಕ್ಕೆ ನಾನು ಮದುವೆಯಾಗಿ ತೋಟ ನೋಡಿಕೊಳ್ಳುತ್ತಿದ್ದೆ. ನನಗೇನು ಬೇಕು ಅಂತ ನನಗೆ ಗೊತ್ತಿತ್ತೇ? ಇಲ್ಲ. ಯಾರೂ ಕೇಳಲೂ ಇಲ್ಲ. ಪರೀಕ್ಷೆಯೇ ಇಲ್ಲದ ಮೇಲೆ ಫೇಲ್ ಆಗುವುದೆಲ್ಲಿ ಬಂತು?

ಭಾನುವಾರ ಕಾಯಿ ಸುಲಿಯುವ ರಂಗಣ್ಣ ಬಂದ. (ನಮ್ಮ ಸೀಮೆಯವರಲ್ಲದ ಓದುಗರಿಗೆ ಒಂದು ಮಾತು: ಇಲ್ಲಿ ಕೊಬ್ಬರಿಗೆಂದು ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ವರ್ಷದ ಹತ್ತಿರ ಹತ್ತಿರ ಸುಮ್ಮನೆ ಬಿಟ್ಟುಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಆಮೇಲೆ ಸುಲಿದು ಒಡೆದರೆ ಉಂಡೆ ಕೊಬ್ಬರಿ.) ನಮ್ಮ ಕಾಯಿ ಅಟ್ಟ ಹತ್ತಿ ಎಂಟೇ ತಿಂಗಳು. ಆದರೆ ರಂಗಣ್ಣ, "ಇವತ್ತು ಬುಟ್ರೆ ಇನ್ನು ಹಬ್ಬ ಕಳದ ಮ್ಯಾಲೇ ನಾನು ಬರೋದು" ಅಂದ. ನನಗೆ ಅವಸರ ಹತ್ತಿತು.

ಗಿರಿಜಾ ಅಟ್ಟ ಹತ್ತಿ ಒಂದು ಕಾಯಿಯನ್ನು ಕಿವಿಯ ಹತ್ತಿರ ಆಡಿಸಿದಳು. "ಅಪ್ಪ, ಇನ್ನೂ ಗುಳುಗುಳು ಅಂತೈತೆ."

"ನೀನು ಹುಟ್ಟೋಕ್ ಮುಂಚಿಂದ ಕಾಯಿ ಆಡಿಸ್ತಾ ಇದೀನಿ ಕಣಮ್ಮ. ನೀನು ಹೋಗಿ ವಾರ್ತೆ ಓದು."

ಮಧ್ಯಾಹ್ನದ ಹೊತ್ತಿಗೆ ರಂಗಣ್ಣ ಮುನ್ನೂರು ಕಾಯಿ ಸುಲಿದಿದ್ದ. ಮೊದಲನೆಯದನ್ನು ನಾನೇ ಒಡೆದೆ. ನೀರು ಸೀದಾ ನನ್ನ ಮುಖಕ್ಕೆ ಹಾರಿತು. ಎರಡನೆಯದು ಅಂಗಿಗೆ. ಮೂರನೆಯದರ ತಿರುಳು ಚಿಪ್ಪಿಗೆ ಕಚ್ಚಿಕೊಂಡು ಚೂರುಚೂರಾಯಿತು. ರಂಗಣ್ಣ ನನ್ನ ಮುಖ ನೋಡಲಾರದೆ ಸೂರು ನೋಡಿದ.

"ಇನ್ನು ಹದಿನೈದು ದಿನ ಚಟ್ನಿಗೆ ಬರ ಇಲ್ಲ ಬುಡಿ" ಅಂದಳು ನನ್ನ ಹೆಂಡತಿ ಶಿವಮ್ಮ. ಅಷ್ಟು ಹೇಳಿದ್ದೇ ತಡ, ತಾಯಿ ಮಗಳು ಇಬ್ಬರೂ ನಗುತ್ತ ಹೊಸ್ತಿಲ ಹತ್ತಿರವೇ ಕುಳಿತುಬಿಟ್ಟರು.

ಆಮೇಲೆ ಗಿರಿಜಾ ಕಣ್ಣೊರೆಸಿಕೊಂಡು ಕೇಳಿದಳು. "ಕಾಯಿಗಾದ್ರೆ ವರ್ಷಗಟ್ಲೆ ಅಟ್ಟ ಬುಟ್ಟುಕೊಡ್ತೀಯ. ದಿನಾ ಮೇಲೆ ಹತ್ತಿ ಕೊಬ್ಬರಿ ಆದ್ಯಾ, ಆದ್ಯಾ ಅಂತ ಕೇಳಲ್ಲ. ನನ್ನ ಮಾತ್ರ ಯಾಕಪ್ಪ ಕೇಳ್ತೀಯ?"

ಗದರಬೇಕೆಂದು ಬಾಯಿ ತೆರೆದೆ. ಎಳನೀರಿಗೂ ಕೊಬ್ಬರಿಗೂ ಸಲ್ಲದ ಆ ನೀರು ಗಲ್ಲದಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ಯಾವ ಮುಖ ಇಟ್ಟುಕೊಂಡು ಗದರಲಿ? ನಿಜಕ್ಕೂ ನಾಚಿಕೆಯಾಯಿತು. ನಗುವೂ ಬಂತು.

ಸಂಜೆ ಶಿವಮ್ಮನನ್ನು ಕೇಳಿದೆ. "ಮದುವೆ ಹೊತ್ತಿಗೆ ನಿಂಗೇನು ಬೇಕಿತ್ತು?"

"ಟೈಲರಿಂಗ್ ಕಲೀಬೇಕು ಅಂತಿತ್ತು ಕಣ್ರೀ" ಅಂದಳು, ಅಕ್ಕಿ ಆರಿಸುತ್ತಲೇ. ಇಪ್ಪತ್ಮೂರು ವರ್ಷದಲ್ಲಿ ಇದು ನನಗೆ ಹೊಸ ಸುದ್ದಿ. ಎದ್ದುಹೋಗಿ ಕೆಂಕೆರೆಗೆ ಒಂದು ಕಾರ್ಡು ಬರೆದೆ: ಹುಡುಗಿಗೆ ಇನ್ನೂ ಎರಡು ವರ್ಷ ಬೇಕಂತೆ, ದಯವಿಟ್ಟು ಬೇಸರಿಸಬಾರದು.

ಅವರು ಬೈದು ಬರೆಯುತ್ತಾರೆಂದು ನಾಲ್ಕು ದಿನ ಪೋಸ್ಟ್‌ಮ್ಯಾನ್ ಕಂಡರೆ ಹಿತ್ತಿಲಿಗೆ ಓಡಿದೆ. ಐದನೇ ದಿನ ಇನ್‌ಲೆಂಡ್ ಲೆಟರ್ ಬಂತು. ಬರೆದವನು ಹುಡುಗನೇ. 'ಮಾವನವರಿಗೆ' ಅಂತ ಬರೆದು, ಅದನ್ನು ಹೊಡೆದುಹಾಕಿ, 'ಮಾನ್ಯರೇ' ಅಂತ ತಿದ್ದಿದ್ದ. "ನಿಮ್ಮ ಕಾರ್ಡು ನೋಡಿ ಬಹಳ ಸಂತೋಷವಾಯಿತು. ಎಂ.ಕಾಂ. ಓದಬೇಕೋ, ಸ್ವಂತ ಬಸ್ಸು ಓಡಿಸಬೇಕೋ ನನಗೇ ಇನ್ನೂ ತಿಳಿದಿಲ್ಲ. ನಮ್ಮ ತಂದೆಯ ಎದುರು ಹೇಳಲು ಧೈರ್ಯ ಬಂದಿರಲಿಲ್ಲ. ತಮ್ಮ ಮಗಳಿಗೆ ನನ್ನ ಥ್ಯಾಂಕ್ಸ್ ತಿಳಿಸಿ."

ಹುಡುಗಿಗೆ ಅವಸರ ಇರಲಿಲ್ಲ, ಹುಡುಗನಿಗೂ ಇರಲಿಲ್ಲ. ಹಾಗಾದರೆ ಇಷ್ಟು ದಿನ ಕಾಫಿ ಕುಡಿಕುಡಿದು ಕುದುರಿಸಿದ ಸಂಬಂಧ ಯಾರದು, ನನ್ನದೂ ಹುಡುಗನ ಅಪ್ಪನದೂ ಏನು?