ಬೋರ್ಡಿನ ಮಾತು ಬೋರ್ಡಿಗೇ

ನನ್ನನ್ನು ನಾನು ಊರಿನ ಇತಿಹಾಸಕಾರ ಎಂದು ಕರೆದುಕೊಳ್ಳುತ್ತೇನೆ. ಬೇರೆ ಯಾರೂ ಹಾಗೆ ಕರೆಯದ ಕಾರಣ ಆ ಕೆಲಸವೂ ನನ್ನ ತಲೆಗೇ ಬಿದ್ದಿದೆ. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿ. ಗಿರಾಕಿ ಇಲ್ಲದ ಹೊತ್ತು, ಅಂದರೆ ಹೆಚ್ಚುಕಡಿಮೆ ಇಡೀ ದಿನ, ಸಂಶೋಧನೆ. ದೊಡ್ಡ ಪುಸ್ತಕಗಳಿಗೆ ಬೇಡವಾದ ಸಣ್ಣ ಕತೆಗಳನ್ನು ಹುಡುಕುವುದು ನನ್ನ ಮಾರ್ಗ. ಒಮ್ಮೆ ಹಳೆ ಗಲ್ಲಿಯ ಮೂಲೆಯಲ್ಲಿ ಒಂದು ಚಪ್ಪಟೆ ಕಲ್ಲನ್ನು ಕಂಡು, ಇದು ಯಾವುದೋ ಕಾಲದ ಗಡಿಕಲ್ಲು ಎಂದು ಊರಿನ ವಾರಪತ್ರಿಕೆಯಲ್ಲಿ ಅರ್ಧ ಪುಟ ಬರೆದೆ. ಆ ಕಲ್ಲಿನ ಎದುರುಮನೆಯ ಹೆಂಗಸು ಅಂಗಡಿಗೇ ಬಂದು, ಅದು ತನ್ನ ಅತ್ತೆ ಬಟ್ಟೆ ಒಗೆಯಲು ಹಾಕಿಸಿದ ಕಲ್ಲು, ಈಗ ಜನ ಬಂದು ನಿಂತು ನೋಡುತ್ತಾರೆ, ಒಗೆಯುವುದು ಹೇಗೆ ಎಂದು ಜಗಳ ತೆಗೆದಳು. ನನ್ನ ಹೆಂಡತಿ ಅವಳಿಗೆ ಕಾಫಿ ಕೊಟ್ಟು ಅವಳ ಪಕ್ಷವನ್ನೇ ವಹಿಸಿದಳು.

ಇಂಥ ನನಗೆ ಬುದ್ಧಿ ಬಂದದ್ದು ತಡವಾಗಿ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನು ನಾನು. ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ನನ್ನ ಚಿಕ್ಕಮ್ಮ ಇದ್ದಳು.

ಚಿಕ್ಕಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಮದುವೆ ಬೇಡವೆಂದು ಕೆಲಸಕ್ಕೆ ಸೇರಿದಳೋ, ಕೆಲಸಕ್ಕೆ ಸೇರಿದ್ದರಿಂದ ಮದುವೆ ತಪ್ಪಿತೋ, ಅದನ್ನೂ ಅವಳು ಬಾಯಿಬಿಟ್ಟು ಹೇಳಿಲ್ಲ. ಅಂಚೆ ಕಚೇರಿಯ ಮೇಲಿನ ಕೋಣೆ, ಗೋಡೆಯಗಲದ ಮರದ ಬೋರ್ಡು, ಅದರ ತುಂಬ ತೂತುಗಳು. ಯಾರಾದರೂ ಫೋನ್ ಎತ್ತಿದರೆ ಬೋರ್ಡಿನ ಮೇಲೊಂದು ಪುಟ್ಟ ಮುಚ್ಚಳ ಟಕ್ಕೆಂದು ಬೀಳುತ್ತಿತ್ತು. ಚಿಕ್ಕಮ್ಮ ಆ ತೂತಿಗೆ ಒಂದು ವೈರು ಸಿಕ್ಕಿಸಿ, ನಂಬರ್ ಕೇಳಿ, ಅದರ ಜೋಡಿ ವೈರನ್ನು ಇನ್ನೊಂದು ತೂತಿಗೆ ಸಿಕ್ಕಿಸಿದರೆ ಊರು ಮಾತಾಡುತ್ತಿತ್ತು, ಬೇಕೆಂದರೆ ಅವಳೂ ಕೇಳಿಸಿಕೊಳ್ಳಬಹುದಿತ್ತು. ಸಂಬಂಧ ಕುದುರಿದ್ದು, ಮುರಿದದ್ದು, ಅಂಗಡಿ ದಿವಾಳಿಯಾದದ್ದು, ಎಲ್ಲವೂ ಅವಳ ಎರಡು ಕೈಗಳ ನಡುವೆ ಹಾದುಹೋಗಿವೆ. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಅವಳು ಬೀದಿಗೆ ಬಂದರೆ ದೊಡ್ಡ ದೊಡ್ಡವರು ಎದ್ದು ನಿಲ್ಲುತ್ತಿದ್ದರು, ಔಷಧಿ ಅಂಗಡಿಯವನು ಮೊದಲು ಅವಳ ಚೀಟಿಗೆ ಕೈ ಚಾಚುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಲ್ಲ ಊರಲ್ಲೂ ಇರುತ್ತಾರಲ್ಲ. ಅವಳನ್ನು ಯಾರು ಏನೇ ಕೇಳಿದರೂ ಬರುತ್ತಿದ್ದದ್ದು ಒಂದೇ ಉತ್ತರ: "ಬೋರ್ಡಿನ ಮಾತು ಬೋರ್ಡಿಗೇ."

ನಾನೂ ಕೇಳಿದೆ. ಹೊಸ ಕನ್ನಡಕ ಮಾಡಿಸಿಕೊಟ್ಟು ಕೇಳಿದೆ, ಕಾಲು ಒತ್ತುತ್ತ ಕೇಳಿದೆ. ಚಿಕ್ಕಮ್ಮ ಇನ್ನೊಂದು ಕಾಲನ್ನೂ ಮುಂದಕ್ಕೆ ಚಾಚಿದಳೇ ಹೊರತು ಬಾಯಿ ಬಿಡಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನನ್ನ ಹುಟ್ಟುಗುಣ. ನಾನು ಬರೆಯುತ್ತಿರುವ ಊರಿನ ಇತಿಹಾಸದ ಪುಸ್ತಕದಲ್ಲಿ 'ಎಕ್ಸ್‌ಚೇಂಜ್ ಕೇಳಿಸಿಕೊಂಡ ಊರು' ಎಂಬ ಅಧ್ಯಾಯವಿದೆ, ಈವರೆಗೆ ಯಾರಿಗೂ ತಿಳಿಯದ ಸಂಗತಿಗಳು ಹೊರಬೀಳಲಿವೆ ಎಂದು ವಾರಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟೇಬಿಟ್ಟೆ.

ಅದನ್ನು ಓದಿ ಬಂದವಳು ಟೈಲರಮ್ಮ. ಮುಖ್ಯ ಬೀದಿಯಲ್ಲಿ ಬ್ಲೌಸ್ ಹೊಲಿಯುವವಳು, ಅರವತ್ತು ದಾಟಿದವಳು, ಯಾರ ಮನೆಗೂ ಸುಮ್ಮನೆ ಹೋಗುವವಳಲ್ಲ. ಚಿಕ್ಕಮ್ಮ ಮಂಚದ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ಟೈಲರಮ್ಮ ಎದುರಿಗೆ ಕೂತಳು. ನಾನು ಪೆನ್ನಿನ ಕ್ಯಾಪು ತೆಗೆದು ಬಾಗಿಲ ಬಳಿ ನಿಂತೆ.

"ಅಕ್ಕ, ಇವರಿಗೆ ಎಲ್ಲಾ ಹೇಳ್ತಿದ್ದೀರಂತೆ. ನನಗೂ ಒಂದು ಹೇಳಿಬಿಡಿ. ನಾನು ಆಗಲೇ ಒಂದ್ಸಲ ಕೇಳಿದ್ದೆ, ನಿಮಗೆ ನೆನಪಿರಬೇಕು."

ಅವಳ ಸಂಗತಿ ಇಷ್ಟು. ಮನಸ್ಸಿಗೆ ಬಂದವನನ್ನು ಕಟ್ಟಿಕೊಂಡಳೆಂದು ಅಪ್ಪ, ನನ್ನ ಪಾಲಿಗೆ ನೀನು ಸತ್ತೆ ಎಂದು ಹೊರಗೆ ಹಾಕಿದ್ದ. ಅಪ್ಪ ತೀರಿಕೊಂಡ ಮೇಲೆ ಯಾರೋ ನೆಂಟರು ಅಂದರಂತೆ, ಸಾಯುವ ಮುಂಚೆ ಒಂದು ದಿನ ಮಗಳಿಗೆ ಫೋನ್ ಮಾಡುತ್ತೇನೆಂದು ತನ್ನೂರಿನ ಅಂಚೆ ಕಚೇರಿಗೆ ಹೋಗಿದ್ದನೆಂದು. ಆದರೆ ಇಲ್ಲಿ, ಮನೆಯಲ್ಲಿ ಫೋನಿಲ್ಲದ ಅವಳನ್ನು ಅಂಚೆ ಕಚೇರಿಯ ಫೋನಿಗೆ ಕರೆಯಲು ಯಾರೂ ಬಂದಿರಲಿಲ್ಲ.

"ಅಪ್ಪ ನನ್ನ ಕೇಳಿದ್ರಾ ಅಂದೆ. ನೀವು, ಬೋರ್ಡಿನ ಮಾತು ಬೋರ್ಡಿಗೇ ಅಂದ್ರಿ. ನನಗೆ ಅರ್ಥ ಆಯ್ತು. ಅಪ್ಪ ಕೇಳಿಲ್ಲ, ಪಾಪ ಇವಳ ಮನಸ್ಸಿಗೆ ನೋವಾಗುತ್ತೆ ಅಂತ ನೀವು ಮುಚ್ಚಿಟ್ಟಿದ್ದೀರಿ ಅಂತ. ಈಗ ನಾನೂ ಮುದುಕಿ ಆದೆ. ಇಲ್ಲ ಅಂತಾನೇ ಹೇಳಿಬಿಡಿ, ತಡ್ಕೋತೀನಿ."

ಚಿಕ್ಕಮ್ಮ ಹುರುಳಿಕಾಯಿ ಕೆಳಗಿಟ್ಟಳು. ನನ್ನನ್ನು ಒಮ್ಮೆ ನೋಡಿದಳು. ನಾನು ಹೊರಗೆ ಹೋಗಬೇಕಿತ್ತು, ಆದರೆ ಇತಿಹಾಸಕಾರನಿಗೆ ಅಷ್ಟು ಮರ್ಯಾದೆ ಇದ್ದರೆ ಅವನು ಇತಿಹಾಸಕಾರ ಹೇಗಾದಾನು.

"ನನಗೆ ಗೊತ್ತಿಲ್ಲಮ್ಮ," ಅಂದಳು ಚಿಕ್ಕಮ್ಮ. "ಮುಚ್ಚಿಡ್ತಾ ಇಲ್ಲ. ನಿಜವಾಗ್ಲೂ ಗೊತ್ತಿಲ್ಲ. ಯಾರ ವಿಷಯಾನೂ ಗೊತ್ತಿಲ್ಲ."

"ಅಂದ್ರೆ?"

"ಬೋರ್ಡಿನ ತುಂಬಾ ಮುಚ್ಚಳ ಬೀಳ್ತಾನೇ ಇರೋವು. ಇರೋದು ಎರಡು ಕೈ. ಲೈನ್ ಕೊಟ್ಟು ಮುಂದಿನದಕ್ಕೆ ಓಡ್ತಿದ್ದೆ. ಕೂತು ಕೇಳೋಕೆ ಪುರುಸೊತ್ತು ಎಲ್ಲಿತ್ತು?"

"ಮತ್ತೆ ಇಷ್ಟು ವರ್ಷ ಹೇಳಲ್ಲ, ಹೇಳಲ್ಲ ಅಂತಿದ್ರಲ್ಲ ಅಕ್ಕ?"

"ಗೊತ್ತಿಲ್ಲ ಅಂದಿದ್ರೆ ನನಗೆ ಯಾರು ಎದ್ದು ನಿಲ್ತಿದ್ರು?"

ನನ್ನ ಕೈಯಲ್ಲಿದ್ದ ಪೆನ್ನಿಗೆ ಕ್ಯಾಪು ಹಾಕಿದೆ. ಊರಿಡೀ ಹೆದರಿದ್ದ ಭಂಡಾರದಲ್ಲಿ ಏನೂ ಇರಲಿಲ್ಲ, ನಾನು ಅದರ ಬೀಗಕ್ಕೆ ವರ್ಷಗಟ್ಟಲೆ ಎಣ್ಣೆ ಬಿಟ್ಟಿದ್ದೆ. ನಗು ಬರಬೇಕಿತ್ತು. ಆದರೆ ಚಿಕ್ಕಮ್ಮ ತಲೆ ಬಗ್ಗಿಸಿ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ, ನನಗೆ ಸಂಕಟವಾಯಿತು.

ಟೈಲರಮ್ಮ ಕೂಗಾಡುತ್ತಾಳೆ ಅಂದುಕೊಂಡೆ. ಅವಳು ಬೇರೆಯೇ ಲೆಕ್ಕದಲ್ಲಿದ್ದಳು.

"ಅಪ್ಪ ಅಲ್ಲಿ ಬುಕ್ ಮಾಡಿದ್ರೆ ನಿಮಗೆ ಇಲ್ಲಿ ಗೊತ್ತಾಗ್ತಿತ್ತಾ?"

"ಲೈನ್ ಇಲ್ಲಿತನಕ ಬಂದ್ರೆ ಗೊತ್ತಾಗೋದು, ಕರೆಯೋಕೆ ಜನ ಕಳಿಸ್ತಿದ್ದೆ. ಆಗ ಹೊರಗಿನ ಊರಿಂದ ಬರೋ ಅರ್ಧಕ್ಕರ್ಧ ಟ್ರಂಕ್ ಕಾಲ್‌ಗೆ ಲೈನೇ ಸಿಗ್ತಿರಲಿಲ್ಲ. ಜನ ಬುಕ್ ಮಾಡಿ, ಬೆಂಚಿನ ಮೇಲೆ ಕಾದು ಕಾದು, ಸಂಜೆ ಎದ್ದು ಮನೆಗೆ ಹೋಗೋರು."

"ಹಾಗಾದ್ರೆ ನಮ್ಮಪ್ಪನೂ ಕಾದಿರಬಹುದು."

"ಕಾದಿರಬಹುದು."

ಟೈಲರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ, ಬೆಂಚಿನ ಮೇಲೆ ಕೂತ್ರೆ ಅಪ್ಪನಿಗೆ ಸೊಂಟ ನೋಯ್ತಿತ್ತು ಅಂದಳು. ಚಿಕ್ಕಮ್ಮನ ಎರಡು ಕೈಗಳನ್ನೂ ಒಮ್ಮೆ ಹಿಡಿದುಕೊಂಡು ಎದ್ದು ಹೋದಳು.

ಅವಳು ಹೋದ ಮೇಲೆ ನಾನು ದೊಡ್ಡ ಮನಸ್ಸು ಮಾಡಿದೆ. "ಚಿಕ್ಕಮ್ಮ, ಆ ಅಧ್ಯಾಯ ಬಿಟ್ಟುಬಿಡ್ತೀನಿ. ನಿನ್ನ ಮರ್ಯಾದೆ ಮುಖ್ಯ. ಟೈಲರಮ್ಮನೂ ಯಾರ ಹತ್ರಾನೂ ಹೇಳಲ್ಲ."

ಅವಳು ಕೆಳಗಿಟ್ಟಿದ್ದ ಹುರುಳಿಕಾಯಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಳು. ಆಮೇಲೆ ಅಂದಳು, "ಬರಿ. ನನಗೆ ಏನೂ ಗೊತ್ತಿರಲಿಲ್ಲ ಅಂತಾನೇ ಬರಿ. ನಾನು ಬಾಯಿ ಮುಚ್ಕೊಂಡಿದ್ದನ್ನೇ 'ಇಲ್ಲ' ಅನ್ನೋ ಉತ್ತರ ಅಂತ ತಿಳ್ಕೊಂಡೋರು, ಇವಳ ಹಾಗೆ, ಇನ್ನೂ ಎಷ್ಟು ಜನ ಇದ್ದಾರೋ."